ಪಿತ್ತದ ದಾರಿಯಲ್ಲಿ ಕೊಲೆಸ್ಟ್ರಾಲ್: ಮೈಸೂರಿನ ಸಂಬಾರ ಸಂಶೋಧನೆ

ಮನುಷ್ಯನ ದೇಹ ಕೊಲೆಸ್ಟ್ರಾಲನ್ನು ತಾನೇ ತಯಾರಿಸಿಕೊಳ್ಳುತ್ತದೆ. ಆದರೆ ಅದನ್ನು ಸಕ್ಕರೆಯ ಹಾಗೆ ಸುಟ್ಟು ಮುಗಿಸಲಾರದು. 27 ಇಂಗಾಲದ ಈ ಅಣುವಿನ ಉಂಗುರಗಳನ್ನು ಪೂರ್ತಿ ಒಡೆಯುವ ಶಕ್ತಿ ಪ್ರಾಣಿದೇಹಕ್ಕಿಲ್ಲ. ಯಕೃತ್ತು ಅದನ್ನು ಇದ್ದ ಹಾಗೆಯೇ ಪಿತ್ತರಸಕ್ಕೆ ಬಿಡಬೇಕು, ಇಲ್ಲವೇ ಪಿತ್ತಾಮ್ಲವಾಗಿ ಮಾರ್ಪಡಿಸಿ ಕರುಳಿಗೆ ಕಳಿಸಬೇಕು. ಕೊಲೆಸ್ಟ್ರಾಲ್ ಕಟ್ಟಿಕೊಳ್ಳುವ ಬಗೆಯನ್ನು ಬಿಡಿಸಿ ತೋರಿಸಿದ ಕಾನ್ರಾಡ್ ಬ್ಲಾಕ್ ಮತ್ತು ಫಿಯೊಡರ್ ಲಿನೆನ್ ಅವರಿಗೆ 1964ರಲ್ಲಿ ನೊಬೆಲ್ ಬಂತು. ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದ ಜೀವರಸಾಯನ ವಿಜ್ಞಾನಿಗಳು ಬಹುಕಾಲ ಹಿಡಿದು ಕೂತದ್ದು ಅದು ಹೊರಹೋಗುವ ದಾರಿಯ ಮೇಲೆ.

ಸಿಎಫ್‌ಟಿಆರ್‌ಐ ಎಂದೇ ಹೆಸರಾದ ಈ ಸಂಸ್ಥೆ 1950ರ ಅಕ್ಟೋಬರ್ 21ರಂದು ಚೆಲುವಾಂಬ ವಿಲಾಸದಲ್ಲಿ ಶುರುವಾಯಿತು. ಮೊದಲ ನಿರ್ದೇಶಕ ವಿ. ಸುಬ್ರಹ್ಮಣ್ಯನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜೀವರಸಾಯನ ವಿಭಾಗದಿಂದ ಬಂದವರು. ಆ ವಿಭಾಗದಲ್ಲೂ ಕೊಬ್ಬಿನ ಅಧ್ಯಯನ ಬೆಳೆಯಿತು: ಜಗನ್ನಾಥ ಗಂಗೂಲಿ ಅವರ ಪ್ರಯೋಗಾಲಯ 1960ರ ದಶಕದ ಆರಂಭದಲ್ಲಿ ಇಲಿಯ ಕರುಳಿನ ಕೊಲೆಸ್ಟ್ರಾಲ್ ಎಸ್ಟರೇಸ್ ಕಿಣ್ವಗಳನ್ನು ಪರಿಶೀಲಿಸಿತು. ಟಿ. ರಾಮಶರ್ಮ ಅವರ ಗುಂಪು ಯಕೃತ್ತಿನ ಕೊಲೆಸ್ಟ್ರಾಲ್ ತಯಾರಿಕೆಯನ್ನು ಯುಬಿಕ್ವಿನೋನ್ ಎಂಬ ಸಹಕಿಣ್ವ ಹೇಗೆ ನಿಯಂತ್ರಿಸುತ್ತದೆ ಎಂಬ ಬಗ್ಗೆ 1970ರಲ್ಲಿ ಬರೆಯಿತು.

ಅದೇ 1970ರಲ್ಲಿ ಮೈಸೂರಿನ ಡಿ. ಸುಬ್ಬರಾವ್, ಎನ್. ಚಂದ್ರಶೇಖರ, ಎಂ. ಎನ್. ಸತ್ಯನಾರಾಯಣ, ಎಂ. ಶ್ರೀನಿವಾಸನ್ ಅವರ ಪ್ರಬಂಧ ಅಮೆರಿಕದ 'ಜರ್ನಲ್ ಆಫ್ ನ್ಯೂಟ್ರಿಷನ್'ನಲ್ಲಿ ಅಚ್ಚಾಯಿತು. ಇಲಿಗಳಿಗೆ ಕೊಲೆಸ್ಟ್ರಾಲ್ ಬೆರೆಸಿದ ಆಹಾರ ಕೊಟ್ಟು, ಕೆಲವಕ್ಕೆ ಅದರ ಜೊತೆ ಅರಿಸಿನದ ಹಳದಿ ಸತ್ವವಾದ ಕರ್ಕ್ಯುಮಿನ್ ಸೇರಿಸಿದ್ದರು. ಕರ್ಕ್ಯುಮಿನ್ ತಿಂದ ಇಲಿಗಳ ರಕ್ತ ಮತ್ತು ಯಕೃತ್ತಿನಲ್ಲಿ ಕೊಲೆಸ್ಟ್ರಾಲ್ ಅರ್ಧಕ್ಕೆ, ಕೆಲವೊಮ್ಮೆ ಮೂರನೆಯ ಒಂದು ಪಾಲಿಗೆ ಇಳಿಯಿತು. ಪ್ರಬಂಧದ ನಿಜವಾದ ಬೆಲೆ ಇರುವುದು ಈ ಅಂಕಿಯಲ್ಲಲ್ಲ. ಇಳಿದ ಕೊಲೆಸ್ಟ್ರಾಲ್ ಎಲ್ಲಿಗೆ ಹೋಯಿತೆಂದು ಅವರು ಹಿಕ್ಕೆಯಲ್ಲೂ ಹುಡುಕಿದರು. ಅಲ್ಲಿ ಕೊಲೆಸ್ಟ್ರಾಲೂ ಪಿತ್ತಾಮ್ಲವೂ ಹೆಚ್ಚಿದ್ದವು. 'ಅರಿಸಿನ ಒಳ್ಳೆಯದು' ಎಂಬ ಮನೆಮಾತಿಗೆ ಹೀಗೆ ಲೆಕ್ಕ ಇಡಬಹುದಾದ ಒಂದು ಕಾರಣ ಸಿಕ್ಕಿತು.

ಮುಂದಿನ ಪೀಳಿಗೆಯಲ್ಲಿ ಈ ಕೆಲಸವನ್ನು ದಶಕಗಳ ಕಾಲ ನಡೆಸಿದವರು ಕೆ. ಶ್ರೀನಿವಾಸನ್ (1970ರ ಎಂ. ಶ್ರೀನಿವಾಸನ್ ಬೇರೆಯವರು). ಕೆ. ಸಾಂಬಯ್ಯ ಅವರೊಂದಿಗೆ 1991ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅವರು ಕಿಣ್ವಕ್ಕೇ ಕೈಹಾಕಿದರು. ಕೊಲೆಸ್ಟ್ರಾಲನ್ನು ಪಿತ್ತಾಮ್ಲವಾಗಿಸುವ ಕೆಲಸದ ವೇಗ ನಿರ್ಧರಿಸುವುದು 7-ಆಲ್ಫಾ-ಹೈಡ್ರಾಕ್ಸಿಲೇಸ್ ಎಂಬ ಕಿಣ್ವ. ಕರ್ಕ್ಯುಮಿನ್, ಮೆಣಸಿನಕಾಯಿಯ ಖಾರವಾದ ಕ್ಯಾಪ್ಸೈಸಿನ್, ಶುಂಠಿ, ಸಾಸಿವೆ ತಿಂದ ಇಲಿಗಳ ಯಕೃತ್ತಿನಲ್ಲಿ ಅದರ ಚಟುವಟಿಕೆ ಏರಿತ್ತು.

ಪಿತ್ತದಲ್ಲಿ ಕರಗಿರಲಾರದಷ್ಟು ಕೊಲೆಸ್ಟ್ರಾಲ್ ತುಂಬಿದರೆ ಅದು ಹರಳಾಗಿ ಪಿತ್ತಕೋಶದ ಕಲ್ಲಾಗುತ್ತದೆ. ಕೊಲೆಸ್ಟ್ರಾಲ್ ವಿಜ್ಞಾನಕ್ಕೆ ಮೊದಲು ಸಿಕ್ಕಿದ್ದೂ 18ನೆಯ ಶತಮಾನದಲ್ಲಿ ಇಂಥ ಕಲ್ಲುಗಳಲ್ಲೇ. 1970ರ ಗುಂಪಿನ ಚಂದ್ರಶೇಖರ ಅವರು ಎಂ. ಎಸ್. ಹುಸೇನ್ ಜೊತೆ 1992ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕಲ್ಲು ಹುಟ್ಟಿಸುವ ಆಹಾರವನ್ನು 10 ವಾರ ತಿಂದ ಚಿಟ್ಟಿಲಿಗಳಿಗೆಲ್ಲ ಕಲ್ಲಾಯಿತು. ಅದೇ ಆಹಾರಕ್ಕೆ ಶೇ. 0.5ರಷ್ಟು ಕರ್ಕ್ಯುಮಿನ್ ಸೇರಿಸಿದಾಗ ಶೇ. 26ರಷ್ಟಕ್ಕೆ ಮಾತ್ರ. 2009ರಲ್ಲಿ ಶ್ರೀನಿವಾಸನ್ ಮತ್ತು ಅವರ ಸಹೋದ್ಯೋಗಿಗಳು ಮೆಂತ್ಯ, ಬೆಳ್ಳುಳ್ಳಿ, ಈರುಳ್ಳಿಗಳಿಗೂ ಇಂಥ ಗುಣವಿದೆಯೆಂದು ತೋರಿಸಿದರು.

ಪ್ರಯೋಗಾಲಯದ ಪ್ರಮಾಣವನ್ನು ಊಟದ ತಟ್ಟೆಗೆ ಹೋಲಿಸುವಾಗ ಎಚ್ಚರ ಬೇಕು. ಅರಿಸಿನದಲ್ಲಿ ಕರ್ಕ್ಯುಮಿನ್ ಇರುವುದು ಸುಮಾರು ಶೇ. 3ರಷ್ಟು. ದಿನಕ್ಕೆ 500 ಗ್ರಾಂ ಒಣ ಆಹಾರ ಉಣ್ಣುವವರು ಆ ಚಿಟ್ಟಿಲಿಗಳ ಲೆಕ್ಕಕ್ಕೆ ಸರಿಗಟ್ಟಲು 2.5 ಗ್ರಾಂ ಕರ್ಕ್ಯುಮಿನ್, ಅಂದರೆ 80 ಗ್ರಾಂ ಮೀರಿದ ಅರಿಸಿನ ತಿನ್ನಬೇಕಾದೀತು. ಸಾಲದ್ದಕ್ಕೆ ಕರ್ಕ್ಯುಮಿನ್ ಕರುಳಿನಿಂದ ರಕ್ತಕ್ಕೆ ಸೇರುವುದು ತೀರ ಕಡಿಮೆ. ಪತ್ರಿಕೆಗಳ ಆರೋಗ್ಯ ಅಂಕಣಗಳು ಈ ಲೆಕ್ಕ ಕೊಡುವುದು ಅಪರೂಪ.

ಹುಬ್ಬಳ್ಳಿಯ ಅಡುಗೆಮನೆಗೂ ಪ್ರಮಾಣದ ಇದೇ ತಕ್ಕಡಿ. ಇತ್ತ ಹೆಸರಾದ ಬ್ಯಾಡಗಿ ಮೆಣಸಿನಕಾಯಿಯಲ್ಲಿ ಬಣ್ಣ ಜಾಸ್ತಿ, ಖಾರ ಕಡಿಮೆ. ಹಾಗಾಗಿ ಕ್ಯಾಪ್ಸೈಸಿನ್ ಕೂಡ ಕಡಿಮೆ. ಉತ್ತರ ಕರ್ನಾಟಕದ ಕುಸುಬೆ ಎಣ್ಣೆಯ ಮಾತು ಬೇರೆ. ಅದರ ಕೊಬ್ಬಿನಾಮ್ಲಗಳಲ್ಲಿ ಸುಮಾರು ಮುಕ್ಕಾಲು ಪಾಲು ಲಿನೋಲಿಕ್ ಆಮ್ಲ. ತುಪ್ಪ, ಡಾಲ್ಡಾದಂಥ ಗಟ್ಟಿ ಕೊಬ್ಬಿನ ಬದಲು ಇಂಥ ಎಣ್ಣೆ ಬಳಸಿದರೆ ರಕ್ತದ ಕೊಲೆಸ್ಟ್ರಾಲ್ ಇಳಿಯುವುದು ಮನುಷ್ಯರಲ್ಲೇ, ಊಟದ ಪ್ರಮಾಣದಲ್ಲೇ ಕಂಡುಬಂದಿದೆ.