ಸೀಮೆಗೆ ಹೋದ ‘ಪಕ್ಕಾ’

ಒಳ್ಳೆಯ ಊಟಕ್ಕೆ, ಒಳ್ಳೆಯ ಅಂಗಿಗೆ, ನಂಬಿಕೆಯ ಗೆಳೆಯನಿಗೆ ಇಂಗ್ಲೆಂಡಿನವರು ತಮ್ಮ ಆಡುಮಾತಿನಲ್ಲಿ ‘ಪಕ್ಕಾ’ ಎನ್ನುವುದುಂಟು. ಕೊನೆಯ ದೀರ್ಘ ತುಸು ಮೊಟಕಾಗಿದೆಯೆಂಬುದನ್ನು ಬಿಟ್ಟರೆ ಮಾತು ನಮ್ಮದೇ. ಆದರೆ ಅರ್ಥ ನಮ್ಮದಲ್ಲ. ನಾವು ‘ಪಕ್ಕಾ’ ಎಂದರೆ ಹೊಗಳಿದಂತಾಗುವುದಿಲ್ಲ. ನಮ್ಮಲ್ಲಿ ಪಕ್ಕಾ ಲೆಕ್ಕವೂ ಉಂಟು, ಪಕ್ಕಾ ಕಳ್ಳನೂ ಉಂಟು. ‘ನಾಳೆ ಬರುವುದು ಪಕ್ಕಾ’ ಎಂದರೆ ಬರುವುದು ಖಾತ್ರಿ ಎಂದಷ್ಟೆ. ಬರುವವರು ಬೇಕಾದವರೋ ಬೇಡವಾದವರೋ ಎಂಬುದು ಬೇರೆ ಮಾತು. ಖಾತ್ರಿಯ ಮಾತು ಮೆಚ್ಚುಗೆಯ ಮಾತಾದದ್ದರ ಹಿಂದೆ ಮುನ್ನೂರು ವರ್ಷಗಳಿಗೂ ಮೀರಿದ ವ್ಯವಹಾರವಿದೆ.

ಸಂಸ್ಕೃತದ ‘ಪಕ್ವ’ ಇದರ ಮೂಲ. ಬೆಂದದ್ದು, ಹಣ್ಣಾದದ್ದು ಎಂದು ಅರ್ಥ. ನಮ್ಮ ಪಾಕ, ಪಕ್ವಾನ್ನಗಳು ಇದೇ ಧಾತುವಿನವು. ಹಿಂದಿ, ಮರಾಠಿಗಳಲ್ಲಿ ‘ಪಕ್ಕಾ’ ಆಗಿ, ಗಟ್ಟಿಯಾದದ್ದು, ಪೂರ್ತಿಯಾದದ್ದು ಎಂಬ ಅರ್ಥ ಪಡೆದು ಪೇಟೆಗೆ ಇಳಿಯಿತು. ಇಂಗ್ಲಿಷರಿಗೆ ಅದು ಸಿಕ್ಕಿದ್ದು ಅಲ್ಲಿಯೇ, ತಕ್ಕಡಿಯ ಬಳಿ. ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಜಾನ್ ಫ್ರೈಯರ್ 1670ರ ದಶಕದಲ್ಲಿ ನಮ್ಮ ಮುಂಬಯಿ, ಸೂರತ್ತುಗಳಲ್ಲಿದ್ದು, ಕಾರವಾರ ಗೋಕರ್ಣಗಳನ್ನೂ ಕಂಡು ಹೋದವನು. 1698ರಲ್ಲಿ ಅಚ್ಚಾದ ಅವನ ಪ್ರವಾಸ ಗ್ರಂಥದಲ್ಲಿ ಆಗ್ರಾದ ‘ಪಕ್ಕಾ ಮಣ’ದ ಉಲ್ಲೇಖವಿದೆ, ಅದು ಸೂರತ್ತಿನ ಮಣಕ್ಕಿಂತ ಇಮ್ಮಡಿಯಂತೆ. ಹಳೆಯ ಮೈಸೂರು ಸೀಮೆಯಲ್ಲೂ ಕಚ್ಚಾ ಸೇರು, ಪಕ್ಕಾ ಸೇರು ಎಂಬ ಎರಡು ಲೆಕ್ಕಗಳಿದ್ದವು. ಕೊಳ್ಳುವವನು ಯಾವ ಸೇರೆಂದು ಮೊದಲೇ ಕೇಳದಿದ್ದರೆ ಕೆಟ್ಟ!

ಎರಡು ಶತಮಾನಗಳಲ್ಲಿ ಈ ಜೋಡಿ ಪದ ಸಾಹೇಬರ ಸಂಸಾರವನ್ನೆಲ್ಲ ಹೊಕ್ಕಿತು. 1886ರಲ್ಲಿ ಪ್ರಕಟವಾದ ‘ಹಾಬ್ಸನ್-ಜಾಬ್ಸನ್’ ನಿಘಂಟಿನಲ್ಲಿ ಅದರ ಪಟ್ಟಿಯನ್ನೇ ನೋಡಬಹುದು. ಕರ್ನಲ್ ಹೆನ್ರಿ ಯೂಲ್‌ ಜೊತೆ ಇದನ್ನು ಸಿದ್ಧಪಡಿಸಿದ ಎ. ಸಿ. ಬರ್ನೆಲ್ ಕನ್ನಡಿಗರಿಗೆ ಅಪರಿಚಿತನಲ್ಲ. ಮಂಗಳೂರಿನಲ್ಲಿ ನ್ಯಾಯಾಧೀಶನಾಗಿದ್ದು ತುಳುನಾಡಿನ ಭೂತಾರಾಧನೆಯ ಪಾಡ್ದನಗಳನ್ನು ಸಂಗ್ರಹಿಸಿದವನು ಅವನೇ; ಪುಸ್ತಕ ಹೊರಬರುವ ಮೊದಲೇ, 1882ರಲ್ಲಿ, ತೀರಿಕೊಂಡ. ಆ ನಿಘಂಟಿನ ಪ್ರಕಾರ ಮನೆ, ಮಾಡು, ರಸ್ತೆ, ಬಣ್ಣ, ನೌಕರಿ ಎಲ್ಲಕ್ಕೂ ಕಚ್ಚಾ-ಪಕ್ಕಾ ಭೇದವುಂಟು. ದರ್ಜಿ ಅಳತೆ ನೋಡಲು ಹಾಕುವ ಸಡಿಲ ಹೊಲಿಗೆ ಕಚ್ಚಾ, ಕೊನೆಯದು ಪಕ್ಕಾ. ಜ್ವರದಲ್ಲೂ ಕಚ್ಚಾ ಜ್ವರ, ಪಕ್ಕಾ ಜ್ವರ! ಪಕ್ಕಾ ಜ್ವರ ಬಂದವನು ಅದನ್ನು ಮೆಚ್ಚುವಂತಿರಲಿಲ್ಲ. ಎಂದರೆ ಅಲ್ಲಿಯವರೆಗೂ ಪದ ನಮ್ಮ ಅರ್ಥವನ್ನು ಪೂರ್ತಿ ಬಿಟ್ಟಿರಲಿಲ್ಲ.

ಬಿಟ್ಟದ್ದು ಮನುಷ್ಯರಿಗೆ ಅಂಟಿಕೊಂಡಾಗ. ‘ಪಕ್ಕಾ ಸಾಹಿಬ್’ ಎಂದರೆ ಕುಲ, ಬಣ್ಣ, ನಡೆನುಡಿಗಳಲ್ಲಿ ಕಲಬೆರಕೆಯಿಲ್ಲದ ದೊರೆ. ಮಿಶ್ರ ಸಂತತಿಯವರನ್ನು ಬೇಯದ ಹಿಟ್ಟೆಂಬಂತೆ ‘ಕಚ್ಚಾ-ಬಚ್ಚಾ’ ಎಂದು ಹೀನಾಯವಾಗಿ ಕರೆದರು. ನಮಗೆ ಇಲ್ಲಿ ನೋಯುವುದು ಇದು: ತೂಕದ ಕಲ್ಲು ನಮ್ಮದು, ತಕ್ಕಡಿ ಹಿಡಿದವರು ಅವರು, ಕಡಿಮೆ ತೂಗಿದವರು ಮತ್ತೆ ನಾವು. ಬಿಹಾರದ ಮೋತಿಹಾರಿಯಲ್ಲಿ 1903ರಲ್ಲಿ ಹುಟ್ಟಿ, ಬರ್ಮಾದಲ್ಲಿ ಪೊಲೀಸ್ ಅಧಿಕಾರಿಯಾಗಿದ್ದ ಜಾರ್ಜ್ ಆರ್ವೆಲ್ 1934ರ ‘ಬರ್ಮೀಸ್ ಡೇಸ್’ ಕಾದಂಬರಿಯಲ್ಲಿ ಈ ಪಕ್ಕಾ ಸಾಹಿಬಗಿರಿಯನ್ನು ಕಹಿಯಾಗಿಯೇ ಬಯಲಿಗೆಳೆದ. ಅದರಲ್ಲಿ ವೀರಸ್ವಾಮಿ ಎಂಬ ಭಾರತೀಯ ಡಾಕ್ಟರು ಇಂಗ್ಲಿಷರನ್ನು ಇನ್ನಿಲ್ಲದಂತೆ ಮೆಚ್ಚಿಕೊಂಡವನು. ಅವನಿಗೆ ಕ್ಲಬ್ಬಿನ ಸದಸ್ಯತ್ವ ಸಿಕ್ಕೀತೇ ಎಂಬುದೇ ಕಥೆಯ ಗಂಟು.

ಸಿಪಾಯಿಗಳ ಬಾಯಲ್ಲಿ ಈ ಬಿಂಕವಿರಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ವಿಮಾನದಳದವರು ನಂಬಬಹುದಾದ ಸುದ್ದಿಗೆ ‘ಪಕ್ಕಾ ಜೆನ್’ ಎಂದರು. 1947ರಲ್ಲಿ ದೊರೆತನ ಹೋದ ಮೇಲೂ ಸಾಹಿಬನನ್ನು ಕಳಚಿಕೊಂಡು ಪದ ಉಳಿಯಿತು. 1963ರಲ್ಲಿ ಲೆಸ್ಟರ್ ಸೀಮೆಯಲ್ಲಿ ಆರಂಭವಾದ ಒಂದು ಸಂಸ್ಥೆ, ಮರುವರ್ಷ ‘ಪಕ್ಕಾ ಪೈಸ್’ ಎಂದು ಹೆಸರಿಟ್ಟುಕೊಂಡು, ಹಿಟ್ಟಿನ ಹೊದಿಕೆಯೊಳಗೆ ಮಾಂಸ ತುಂಬಿ ಬೇಯಿಸಿದ ತಿಂಡಿಯನ್ನು ಮಾರಿತು. 1999ರಲ್ಲಿ ಬಿ.ಬಿ.ಸಿ. ದೂರದರ್ಶನದಲ್ಲಿ ಅಡುಗೆ ತೋರಿಸತೊಡಗಿದ ಎಸೆಕ್ಸಿನ ತರುಣ ಜೇಮಿ ಆಲಿವರ್ ತನ್ನ ಕೈಯಡುಗೆಗೆ ತಾನೇ ‘ಪಕ್ಕಾ’ ಎಂದು ಎಂದು ಆ ಮಾತನ್ನು ಮನೆಮನೆಗೆ ಮುಟ್ಟಿಸಿದ.

ಅಡುಗೆಯವನ ಬಾಯಿಗೆ ಬಂದದ್ದು ಎಷ್ಟು ಸರಿಯಾಯಿತು ನೋಡಿ! ಬೆಂದದ್ದಕ್ಕೆ ಬೆಂದಿದೆ ಎಂದಂತಾಯಿತು. ಅಷ್ಟೇ ಅಲ್ಲ, ಇಂಗ್ಲಿಷಿನ ‘ಕುಕ್’ ಲ್ಯಾಟಿನ್ನಿನಿಂದ ಬಂದ ಪದ. ಆ ಲ್ಯಾಟಿನ್ ಕ್ರಿಯಾಪದವೂ ಸಂಸ್ಕೃತದ ‘ಪಚ್’ ಧಾತುವೂ ಒಂದೇ ಬೇರಿನವೆಂದು ಭಾಷಾಶಾಸ್ತ್ರಜ್ಞರು ತೋರಿಸಿದ್ದಾರೆ. ಸಾವಿರಾರು ವರ್ಷಗಳ ಹಿಂದೆ ಅಗಲಿದ ದಾಯಾದಿಗಳು ಲಂಡನ್ನಿನ ಒಲೆಯ ಮುಂದೆ ಗುರುತು ಸಿಗದೆಯೇ ಭೇಟಿಯಾದರು.

ಇತ್ತ ನಮ್ಮ ದೇಶದ ಇಂಗ್ಲಿಷಿನಲ್ಲಿ ಆ ಪದ ಹಳೆಯ ಕಸುಬನ್ನೇ ಮಾಡಿಕೊಂಡಿದೆ. ಸರಕಾರದ ವಸತಿ ಯೋಜನೆಗಳ ಕಾಗದಪತ್ರಗಳಲ್ಲಿ ‘ಪಕ್ಕಾ ಮನೆ’ ಎಂದರೆ ಗಟ್ಟಿ ಗೋಡೆ, ಗಟ್ಟಿ ಸೂರು ಇದ್ದರಾಯಿತು. ಮನೆ ಚೆನ್ನಾಗಿದೆ ಎಂದು ಅಲ್ಲಿ ಯಾರೂ ಹೇಳುತ್ತಿಲ್ಲ.