ಬೇಸ್‌ಬಾಲ್ ಪಾರ್ಕ್‌ಗೆ ಹೊರಟಿದ್ದೀರಾ? ಟಿಕೆಟ್ ಕೊಳ್ಳುವ ಮೊದಲು ತಿಳಿಯಬೇಕಾದ ನಿಜ ಮತ್ತು ಸುಳ್ಳು

ಮೇ, ಜೂನ್ ಬಂತೆಂದರೆ ಅಮೆರಿಕದಲ್ಲಿರುವ ಮಗ ಅಥವಾ ಮಗಳ ಮನೆಗೆ ಕರ್ನಾಟಕದಿಂದ ಅಪ್ಪ ಅಮ್ಮಂದಿರು ಹೋಗುವ ಕಾಲ. ಅಲ್ಲಿನ ಬೇಸಿಗೆಯ ಸಂಜೆಗಳಲ್ಲಿ ಮನೆಮಂದಿಯೆಲ್ಲ ಸೇರಿ, ಹೆಚ್ಚು ಖರ್ಚಿಲ್ಲದೆ ಹೋಗಿ ಬರಬಹುದಾದ ಜಾಗ ಎಂದರೆ ಮೈನರ್ ಲೀಗ್ ಬೇಸ್‌ಬಾಲ್ ಪಾರ್ಕ್. ಉತ್ತರ ಕೆರೊಲಿನಾದ ಡರ್ಹಮ್ ನಗರದಲ್ಲಿ ಅಂಥದ್ದೊಂದು ಪ್ರಸಿದ್ಧ ಪಾರ್ಕ್ ಇದೆ. ಪಕ್ಕದ ಕ್ಯಾರಿ, ಮಾರಿಸ್‌ವಿಲ್ ಊರುಗಳಲ್ಲಿ ಸಾಫ್ಟ್‌ವೇರ್ ಮತ್ತು ಔಷಧ ಕಂಪನಿಗಳಲ್ಲಿ ದುಡಿಯುವ ಕನ್ನಡಿಗ ಕುಟುಂಬಗಳೂ ಇವೆ. ಅಲ್ಲಿಗೆ ಹೋಗುವವರಿಗೆ ಮನೆಯವರು, ಗೆಳೆಯರು ಹೇಳುವ ಮಾತುಗಳಲ್ಲಿ ಕೆಲವು ನಿಜ, ಕೆಲವು ಅರ್ಧ ನಿಜ, ಕೆಲವು ಅಪಾಯಕ್ಕೆ ದಾರಿ. ಒಂದೊಂದಾಗಿ ನೋಡೋಣ.

ಮಾತು 1: "ಮೈನರ್ ಲೀಗ್ ಅಂದರೆ ಹುಡುಗರ ಆಟ, ಚೆಂಡು ಜೋರಾಗಿ ಬರುವುದಿಲ್ಲ"

ತಪ್ಪು. ನಮ್ಮಲ್ಲಿ "ಮೈನರ್" ಎಂದರೆ 18 ವರ್ಷ ತುಂಬದವರು. ಇಲ್ಲಿ ಆ ಅರ್ಥವಿಲ್ಲ. ಅಮೆರಿಕದ ಮೇಜರ್ ಲೀಗ್‌ನಲ್ಲಿ 30 ತಂಡಗಳಿವೆ. ಒಂದೊಂದು ತಂಡದ ಕೈಕೆಳಗೆ ನಾಲ್ಕು ಹಂತದ ನಾಲ್ಕು ತಂಡಗಳು, ಒಟ್ಟು 120. ಸಿಂಗಲ್ ಎ, ಹೈ ಎ, ಡಬಲ್ ಎ, ಟ್ರಿಪಲ್ ಎ ಎಂಬುದು ಕೆಳಗಿನಿಂದ ಮೇಲಿನ ಕ್ರಮ. ಆಡುವವರು ಸಂಬಳ ಪಡೆಯುವ ವೃತ್ತಿ ಆಟಗಾರರು. ಡರ್ಹಮ್ ಬುಲ್ಸ್ ತಂಡ ಟ್ರಿಪಲ್ ಎ, ಅಂದರೆ ಮೇಜರ್ ಲೀಗ್‌ಗೆ ಒಂದೇ ಮೆಟ್ಟಿಲು ಕೆಳಗೆ. 1998ರಿಂದ ಅದು ಟ್ಯಾಂಪಾ ಬೇ ರೇಸ್ ತಂಡದ ಜೊತೆಗಿದೆ.

ಈ ಹಂತದಲ್ಲಿ ಗಂಟೆಗೆ 150 ಕಿಲೋಮೀಟರ್ ವೇಗದಲ್ಲಿ ಚೆಂಡು ಎಸೆಯುವುದು ಮಾಮೂಲು. ಬ್ಯಾಟಿಗೆ ತಗುಲಿದ ಚೆಂಡು ಗಂಟೆಗೆ 160 ಕಿಲೋಮೀಟರ್ ದಾಟುವುದೂ ಉಂಟು. "ಮೈನರ್" ಎಂಬುದು ತಂಡದ ಹಂತಕ್ಕೆ ಇರುವ ಹೆಸರು, ಚೆಂಡಿಗಲ್ಲ.

ಮಾತು 2: "ಕ್ರಿಕೆಟ್ ನೋಡಿದವರಿಗೆ ಇದೇನು ಹೊಸದಲ್ಲ"

ಅರ್ಧ ನಿಜ. ಆಟ ಅರ್ಥವಾಗಬಹುದು, ಆದರೆ ಕೂರುವ ಜಾಗದ ಲೆಕ್ಕವೇ ಬೇರೆ. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಪಂದ್ಯ ನೋಡಿ ಬಂದವರು ಗಮನಿಸಬೇಕಾದ ವ್ಯತ್ಯಾಸ ಇದೇ.

ಕ್ರಿಕೆಟ್‌ನಲ್ಲಿ ಬ್ಯಾಟರ್ ಸುತ್ತಲಿನ ಪೂರ್ತಿ ವೃತ್ತವೇ ಆಟದ ಜಾಗ. ಪುರುಷರ ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಬೌಂಡರಿ ಗೆರೆ ಪಿಚ್‌ನ ನಡುವಿನಿಂದ ಕನಿಷ್ಠ 65 ಗಜ, ಅಂದರೆ ಸುಮಾರು 59 ಮೀಟರ್ ದೂರ ಇರಬೇಕು. ಪ್ರೇಕ್ಷಕರು ಅದರಾಚೆ. ಬೇಸ್‌ಬಾಲ್‌ನಲ್ಲಿ ಬ್ಯಾಟರ್ ಮೈದಾನದ ಒಂದು ಮೂಲೆಯಲ್ಲಿ ನಿಲ್ಲುತ್ತಾನೆ. ಅವನ ಮುಂದಿನ 90 ಡಿಗ್ರಿಯ ಕೋನ ಮಾತ್ರ ಆಟದ ಜಾಗ. ಅದರಾಚೆ ಹೋದ ಚೆಂಡು "ಫೌಲ್ ಬಾಲ್". ಆ ಮೂಲೆಯ ಹಿಂದೆ ಮತ್ತು ಎರಡೂ ಬದಿಯಲ್ಲೇ ಪ್ರೇಕ್ಷಕರ ಸೀಟುಗಳಿವೆ. ಮುಂದಿನ ಸಾಲುಗಳು ಬ್ಯಾಟರ್‌ನಿಂದ 20-25 ಮೀಟರ್ ದೂರದಲ್ಲೇ ಇರುತ್ತವೆ.

ಲೆಕ್ಕ ಹಾಕಿ ನೋಡಿ. ಗಂಟೆಗೆ 160 ಕಿಲೋಮೀಟರ್ ಎಂದರೆ ಸೆಕೆಂಡಿಗೆ 44 ಮೀಟರ್. 25 ಮೀಟರ್ ದಾಟಲು ಅರ್ಧ ಸೆಕೆಂಡಿಗಿಂತ ಸ್ವಲ್ಪ ಹೆಚ್ಚು ಸಾಕು. ಆಟ ನೋಡುತ್ತ ಎಚ್ಚರದಿಂದ ಕೂತವರಿಗೂ ಕಂಡದ್ದಕ್ಕೆ ಮೈ ಅಲ್ಲಾಡಿಸಲು ಸುಮಾರು ಕಾಲು ಸೆಕೆಂಡ್ ಬೇಕು. ಫೋನ್ ನೋಡುತ್ತಿದ್ದವರು ತಲೆ ಎತ್ತಿ ಚೆಂಡು ಎಲ್ಲಿದೆ ಎಂದು ಹುಡುಕುವಷ್ಟರಲ್ಲಿ ಅದು ಬಂದೇ ಬಿಟ್ಟಿರುತ್ತದೆ.

"ಬೇಸ್‌ಬಾಲ್ ಚೆಂಡು ಮೆತ್ತಗಿರುತ್ತದೆ" ಎಂಬುದೂ ಸುಳ್ಳು. ಅದರ ತೂಕ 142ರಿಂದ 149 ಗ್ರಾಂ. ಕ್ರಿಕೆಟ್ ಚೆಂಡು 156ರಿಂದ 163 ಗ್ರಾಂ. ತೂಕ ಸ್ವಲ್ಪ ಕಡಿಮೆ ಅಷ್ಟೇ, ಪೆಟ್ಟಿನಲ್ಲಿ ದೊಡ್ಡ ವ್ಯತ್ಯಾಸವಿಲ್ಲ.

ಮಾತು 3: "ಈಗ ಎಲ್ಲ ಕಡೆ ಬಲೆ ಕಟ್ಟಿದ್ದಾರೆ, ಭಯವಿಲ್ಲ"

ಬಹುಪಾಲು ನಿಜ, ಪೂರ್ತಿ ಅಲ್ಲ. ಹಿಂದೆ ಬಲೆ ಇದ್ದದ್ದು ಬ್ಯಾಟರ್ ಹಿಂಬದಿಗೆ ಮಾತ್ರ. 2020ರ ಹೊತ್ತಿಗೆ ಮೇಜರ್ ಲೀಗ್‌ನ ಎಲ್ಲ 30 ತಂಡಗಳೂ ಬಲೆಯನ್ನು ಬದಿಗಳಿಗೂ ಚಾಚಿದವು. ಮೈನರ್ ಲೀಗ್ ಪಾರ್ಕ್‌ಗಳಿಗೂ 2025ರ ಋತುವಿನೊಳಗೆ ಬಲೆ ಉದ್ದ ಮಾಡುವ ಗಡುವು ಇತ್ತು. ಇದು ನಿಜಕ್ಕೂ ಒಳ್ಳೆಯ ಬದಲಾವಣೆ.

ಆದರೆ ಬಲೆ ತಡೆಯುವುದು ನೇರವಾಗಿ ಬರುವ ಚೆಂಡನ್ನು. ಮೇಲಕ್ಕೆ ಹಾರಿ ಬಲೆಯನ್ನು ದಾಟಿ ಬೀಳುವ ಚೆಂಡನ್ನಲ್ಲ. 30 ಮೀಟರ್ ಎತ್ತರದಿಂದ ಬೀಳುವ ಚೆಂಡು ಕೆಳಗೆ ಮುಟ್ಟುವಾಗ ಗಂಟೆಗೆ ಸುಮಾರು 80 ಕಿಲೋಮೀಟರ್ ವೇಗದಲ್ಲಿರುತ್ತದೆ. 2018ರಲ್ಲಿ ಲಾಸ್ ಏಂಜಲೀಸ್‌ನ ಡಾಡ್ಜರ್ ಸ್ಟೇಡಿಯಂನಲ್ಲಿ ಬಲೆಯ ಮೇಲಿನಿಂದ ಬಂದ ಫೌಲ್ ಬಾಲ್ ತಲೆಗೆ ಬಡಿದು 79 ವರ್ಷದ ಮಹಿಳೆಯೊಬ್ಬರು ಕೆಲವು ದಿನಗಳ ನಂತರ ತೀರಿಕೊಂಡರು. ಆಟವೇ ಬದುಕಾದವರನ್ನೂ ಚೆಂಡು ಬಿಟ್ಟಿಲ್ಲ. 2007ರಲ್ಲಿ ಮೈನರ್ ಲೀಗ್ ತಂಡ ಟಲ್ಸಾ ಡ್ರಿಲ್ಲರ್ಸ್‌ನ ಕೋಚ್ ಮೈಕ್ ಕೂಲ್‌ಬಾ ಮೈದಾನದಲ್ಲಿ ನಿಂತಿದ್ದಾಗ ಚೆಂಡು ಕುತ್ತಿಗೆಗೆ ಬಡಿದು ಸತ್ತರು. ಮರುವರ್ಷದಿಂದ ಬೇಸ್ ಬಳಿ ನಿಲ್ಲುವ ಕೋಚ್‌ಗಳು ಹೆಲ್ಮೆಟ್ ಹಾಕುವುದು ಕಡ್ಡಾಯವಾಯಿತು.

ಇಂಥ ಸಾವು ತೀರಾ ಅಪರೂಪ. ಹೆದರಿ ಮನೆಯಲ್ಲಿ ಕೂರಬೇಕಿಲ್ಲ. ಇಷ್ಟು ಮಾಡಿದರೆ ಸಾಕು:

- ಮಕ್ಕಳು, ವಯಸ್ಸಾದವರು ಇದ್ದರೆ ಬಲೆಯ ಹಿಂದಿನ, ಮೇಲೆ ಚಾವಣಿ ಇರುವ ಸೀಟು ಕೊಳ್ಳಿ. ಟಿಕೆಟ್ ಮಾರುವ ಪುಟದಲ್ಲಿ ಸೀಟುಗಳ ನಕ್ಷೆ ಇರುತ್ತದೆ.
- ಬಲೆಗೆ ಮುಖ, ಕೈ ಒತ್ತಿಕೊಂಡು ನಿಲ್ಲಬೇಡಿ. ಚೆಂಡು ಬಡಿದಾಗ ಬಲೆ ಹಿಂದಕ್ಕೆ ಉಬ್ಬುತ್ತದೆ.
- ಎಸೆಯುವವನು ಕೈ ಎತ್ತಿದಾಗ ಫೋನ್ ಕೆಳಗಿರಲಿ. ಸೆಲ್ಫಿ, ಮೆಸೇಜು ಎಲ್ಲ ಇನಿಂಗ್ಸ್ ನಡುವಿನ ಬಿಡುವಿನಲ್ಲಿ.
- "ಹೆಡ್ಸ್ ಅಪ್" ಎಂಬ ಕೂಗು ಕೇಳಿದರೆ ಚೆಂಡು ನಿಮ್ಮ ಕಡೆ ಬರುತ್ತಿದೆ ಎಂದರ್ಥ. ಚೆಂಡು ಕಾಣದಿದ್ದರೆ ಹುಡುಕುತ್ತ ನಿಲ್ಲಬೇಡಿ. ಎರಡೂ ತೋಳಿನಿಂದ ತಲೆ, ಮುಖ ಮುಚ್ಚಿ ಬಾಗಿ.
- ಮಗು ತೊಡೆಯ ಮೇಲಿದ್ದಾಗ ಚೆಂಡು ಹಿಡಿಯಲು ಹೋಗಬೇಡಿ.

ಮಾತು 4: "ಪೆಟ್ಟಾದರೆ ಪಾರ್ಕ್‌ನವರೇ ಖರ್ಚು ಕೊಡುತ್ತಾರೆ"

ಬಹುತೇಕ ತಪ್ಪು. ಅಮೆರಿಕದ ಹಲವು ರಾಜ್ಯಗಳ ನ್ಯಾಯಾಲಯಗಳು "ಬೇಸ್‌ಬಾಲ್ ರೂಲ್" ಎಂಬ ತತ್ವವನ್ನು ಪಾಲಿಸುತ್ತವೆ. ಅದರ ಮೂಲ 1913ರ ಮಿಸೌರಿ ರಾಜ್ಯದ ಒಂದು ತೀರ್ಪು. ಅತಿ ಅಪಾಯದ ಭಾಗಕ್ಕೆ ಬಲೆ ಕಟ್ಟಿ, ಬೇಕೆಂದವರಿಗೆ ಅಲ್ಲಿ ಸೀಟು ಸಿಗುವಂತೆ ಮಾಡಿದ್ದರೆ ಪಾರ್ಕ್‌ನ ಜವಾಬ್ದಾರಿ ಮುಗಿಯಿತು, ಉಳಿದ ಅಪಾಯ ಪ್ರೇಕ್ಷಕ ತಿಳಿದೇ ಒಪ್ಪಿಕೊಂಡದ್ದು ಎಂಬುದು ಅದರ ಸಾರ. ಟಿಕೆಟ್‌ನ ಷರತ್ತುಗಳಲ್ಲೂ ಇದೇ ಅರ್ಥದ ಸಾಲುಗಳಿರುತ್ತವೆ.

ಎಲ್ಲ ರಾಜ್ಯಗಳೂ ಇದನ್ನು ಒಪ್ಪಿಲ್ಲ. ಬೊಯ್ಸಿ ನಗರದ ಮೈನರ್ ಲೀಗ್ ಪಾರ್ಕ್‌ನಲ್ಲಿ ಒಬ್ಬ ಪ್ರೇಕ್ಷಕ ಕಣ್ಣು ಕಳೆದುಕೊಂಡ ಮೊಕದ್ದಮೆಯಲ್ಲಿ, 2013ರಲ್ಲಿ ಐಡಾಹೊ ರಾಜ್ಯದ ಸುಪ್ರೀಂ ಕೋರ್ಟ್ ಈ ತತ್ವವನ್ನು ಒಪ್ಪಲು ನಿರಾಕರಿಸಿತು. ಆದರೂ ಪ್ರವಾಸಿ ವೀಸಾದಲ್ಲಿ ಬಂದವರು ಕೋರ್ಟನ್ನು ನಂಬಿ ಹೋಗುವಂತಿಲ್ಲ. ಆಸ್ಪತ್ರೆ ಬಿಲ್ ಮೊದಲು ಬರುವುದು ನಿಮ್ಮ ಹೆಸರಿಗೇ. ಅಪ್ಪ ಅಮ್ಮನಿಗೆ ವಿಸಿಟರ್ ವಿಮೆ ಮಾಡಿಸಿದ್ದರೆ ಆ ಕಾರ್ಡಿನ ಫೋಟೊ, ತೆಗೆದುಕೊಳ್ಳುವ ಮಾತ್ರೆಗಳ ಪಟ್ಟಿ ಎರಡೂ ನಿಮ್ಮ ಫೋನಿನಲ್ಲಿರಲಿ.

ಮುಖ್ಯವಾದ ಮಾತು ಇನ್ನೊಂದಿದೆ. ರಕ್ತ ತೆಳುವಾಗಿಸುವ ಮಾತ್ರೆ (ವಾರ್ಫರಿನ್, ಕ್ಲೊಪಿಡೊಗ್ರೆಲ್ ಮುಂತಾದವು) ತೆಗೆದುಕೊಳ್ಳುವವರ ತಲೆಗೆ ಚೆಂಡು ಬಡಿದರೆ, "ಏನೂ ಆಗಿಲ್ಲ, ಬಿಡು" ಎಂದು ಅವರು ಹೇಳಿದರೂ ಆಸ್ಪತ್ರೆಗೆ ಕರೆದೊಯ್ಯಿರಿ. ತಲೆಯೊಳಗಿನ ರಕ್ತಸ್ರಾವ ಕೆಲವೊಮ್ಮೆ ಗಂಟೆಗಳ ನಂತರ ಲಕ್ಷಣ ತೋರಿಸುತ್ತದೆ. ಯಾರಿಗೇ ಆಗಲಿ ವಾಂತಿ, ಹೆಚ್ಚುತ್ತಿರುವ ತಲೆನೋವು, ಮಂಪರು, ತೊದಲು ಮಾತು ಕಂಡರೆ ತಡಮಾಡದೆ 911ಕ್ಕೆ ಕರೆ ಮಾಡಿ.

ಮಾತು 5: "ಸಂಜೆ ಪಂದ್ಯ, ಬಿಸಿಲಿನ ಚಿಂತೆ ಇಲ್ಲ"

ತಪ್ಪು. ಜುಲೈನಲ್ಲಿ ಡರ್ಹಮ್‌ನ ಮಧ್ಯಾಹ್ನದ ಉಷ್ಣಾಂಶ 32 ಡಿಗ್ರಿಯ ಆಸುಪಾಸು. ಜೊತೆಗೆ ಮಂಗಳೂರಿನ ಕಡೆಯವರಿಗೆ ಚೆನ್ನಾಗಿ ಗೊತ್ತಿರುವಂಥ ಸೆಕೆ. ಅಲ್ಲಿ ಸೂರ್ಯ ಮುಳುಗುವುದು ರಾತ್ರಿ ಎಂಟೂವರೆಯ ಹೊತ್ತಿಗೆ. ಪಂದ್ಯ ಆರೂವರೆ, ಏಳಕ್ಕೆ ಶುರುವಾದರೆ ಒಂದೂವರೆ, ಎರಡು ಗಂಟೆ ಬಿಸಿಲು ಕಣ್ಣಿಗೇ ಹೊಡೆಯಬಹುದು.

ಇಲ್ಲಿ ಒಂದು ಸುಲಭ ಉಪಾಯವಿದೆ. ಬ್ಯಾಟರ್ ಪೂರ್ವ-ಈಶಾನ್ಯದ ಕಡೆಗೆ ಮುಖ ಮಾಡುವಂತೆ ಮೈದಾನ ಕಟ್ಟುವುದು ಒಳ್ಳೆಯದು ಎಂದು ಬೇಸ್‌ಬಾಲ್ ನಿಯಮ ಪುಸ್ತಕವೇ ಹೇಳುತ್ತದೆ. ಸಂಜೆ ಸೂರ್ಯ ಬ್ಯಾಟರ್ ಕಣ್ಣಿಗೆ ಬೀಳದಿರಲಿ ಎಂದು. ಹಾಗೆ ಕಟ್ಟಿದ ಪಾರ್ಕ್‌ಗಳಲ್ಲಿ ಮೂರನೇ ಬೇಸ್ ಬದಿಯವರಿಗೆ ಸೂರ್ಯ ಬೆನ್ನ ಹಿಂದೆ, ನೆರಳು ಬೇಗ. ಒಂದನೇ ಬೇಸ್ ಬದಿಯವರಿಗೆ ಸೂರ್ಯ ಎದುರಿಗೆ. ಎಲ್ಲ ಪಾರ್ಕ್‌ಗಳೂ ಹೀಗೇ ಇರುವುದಿಲ್ಲ. ಟಿಕೆಟ್ ಕೊಳ್ಳುವ ಮೊದಲು ಫೋನಿನ ಮ್ಯಾಪ್‌ನಲ್ಲಿ ಉಪಗ್ರಹ ಚಿತ್ರ ತೆರೆದು ಪಶ್ಚಿಮ ಯಾವ ಕಡೆ ಎಂದು ಒಮ್ಮೆ ನೋಡಿ.

ಬಿಪಿಗೆ "ನೀರಿನ ಮಾತ್ರೆ" ತೆಗೆದುಕೊಳ್ಳುವವರ ದೇಹದಿಂದ ನೀರು, ಉಪ್ಪು ಹೆಚ್ಚು ಹೋಗುತ್ತದೆ. ಸೆಕೆಯಲ್ಲಿ ಅವರಿಗೆ ತಲೆಸುತ್ತು ಬರುವ ಸಾಧ್ಯತೆ ಹೆಚ್ಚು. ಹಾಗೆಂದು ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬಾರದು. ಹೃದಯ, ಮೂತ್ರಪಿಂಡದ ತೊಂದರೆಯಿಂದ ನೀರಿಗೆ ಮಿತಿ ಇರುವವರು ಎಷ್ಟು ಕುಡಿಯಬೇಕೆಂದು ಮೊದಲೇ ವೈದ್ಯರನ್ನು ಕೇಳಿಕೊಳ್ಳಿ. ಮೈ ಸುಡುತ್ತಿದ್ದು ಮಾತು ಅಸ್ತವ್ಯಸ್ತವಾದರೆ ಅದು ಬಿಸಿಲಾಘಾತ ಇರಬಹುದು. 911ಕ್ಕೆ ಕರೆ ಮಾಡಿ, ನೆರಳಿಗೆ ಒಯ್ದು, ಒದ್ದೆ ಬಟ್ಟೆಯಿಂದ ಮೈ ತಂಪು ಮಾಡಿ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬೇಡಿ.

ಮಾತು 6: "ಹಾಟ್ ಡಾಗ್‌ನಲ್ಲಿ ನಾಯಿ ಮಾಂಸ, ರೂಟ್ ಬಿಯರ್‌ನಲ್ಲಿ ಮದ್ಯ"

ಎರಡೂ ಸುಳ್ಳು. ಹಾಟ್ ಡಾಗ್ ಎಂದರೆ ಬನ್ ನಡುವೆ ಇಟ್ಟ ಸಾಸೇಜ್. ಸಾಮಾನ್ಯವಾಗಿ ಗೋಮಾಂಸ ಅಥವಾ ಹಂದಿ ಮಾಂಸದ್ದು, ಕೆಲವೊಮ್ಮೆ ಕೋಳಿಯದ್ದು. ಆದ್ದರಿಂದ ಸಸ್ಯಾಹಾರಿಗಳು, ಗೋಮಾಂಸ ಅಥವಾ ಹಂದಿ ತಿನ್ನದವರು ಕೇಳಿಯೇ ಕೊಳ್ಳಬೇಕು. ಅಂಗಡಿಗಳಲ್ಲಿ ಸಿಗುವ ರೂಟ್ ಬಿಯರ್ ಸಾಮಾನ್ಯವಾಗಿ ಮದ್ಯವಿಲ್ಲದ ಸಿಹಿ ಸೋಡಾ. ಮಕ್ಕಳೂ ಕುಡಿಯುತ್ತಾರೆ.

ಸಸ್ಯಾಹಾರಿಗಳಿಗೆ ಪಾಪ್‌ಕಾರ್ನ್, ಹುರಿದ ಕಡಲೆಕಾಯಿ, ಪ್ರೆಟ್ಜೆಲ್ ಸುಲಭದ ಆಯ್ಕೆ. ಆಲೂಗಡ್ಡೆ ಫ್ರೈಸ್ ಅನ್ನು ಕೋಳಿ ಕರಿದ ಎಣ್ಣೆಯಲ್ಲೇ ಕರಿದಿರಬಹುದು, ಕೇಳಿ. ಮಗುವಿಗೆ ಕಡಲೆಕಾಯಿ ಅಲರ್ಜಿ ಇದ್ದರೆ ನೆನಪಿಡಿ: ಬೇಸ್‌ಬಾಲ್ ಪಾರ್ಕ್‌ನಲ್ಲಿ ಸೀಟಿನಡಿಯೆಲ್ಲ ಕಡಲೆಕಾಯಿ ಸಿಪ್ಪೆಯೇ. ವೈದ್ಯರು ಕೊಟ್ಟ ಔಷಧ ಜೊತೆಯಲ್ಲಿರಲಿ.

ಮಾತು 7: "ಸೀಟಿಗೆ ಬಂದ ಚೆಂಡನ್ನು ವಾಪಸ್ ಕೊಡಬೇಕು"

ತಪ್ಪು. ಕ್ರಿಕೆಟ್‌ನಲ್ಲಿ ಕೊಡಬೇಕು, ಇಲ್ಲಿ ಚೆಂಡು ಸಿಕ್ಕವರದ್ದೇ. ಪಕ್ಕದಲ್ಲಿ ಚಿಕ್ಕ ಮಕ್ಕಳಿದ್ದರೆ ಅವರಿಗೆ ಕೊಡುವುದು ಅಲ್ಲಿನ ಒಳ್ಳೆಯ ರೂಢಿ. ಆದರೆ ಚೆಂಡಿನ ಹಿಂದೆ ಓಡಿ ಮೆಟ್ಟಿಲ ಮೇಲೆ ಬೀಳಬೇಡಿ. ಆಟ ನಡೆಯುತ್ತಿರುವಾಗ ಗೋಡೆಯಾಚೆ ಕೈಚಾಚಿ ಮೈದಾನದೊಳಗಿನ ಚೆಂಡನ್ನು ಮುಟ್ಟಿದರೆ ಹೊರಗೆ ಕಳುಹಿಸಬಹುದು.

ಹೊರಡುವ ಮೊದಲು

ಮೈನರ್ ಲೀಗ್ ಪಂದ್ಯಗಳು ವಸಂತದಲ್ಲಿ ಶುರುವಾಗಿ ಸೆಪ್ಟೆಂಬರ್‌ವರೆಗೆ ನಡೆಯುತ್ತವೆ. 2021ರಿಂದ ಸಾಮಾನ್ಯವಾಗಿ ಮಂಗಳವಾರದಿಂದ ಭಾನುವಾರದವರೆಗೆ ಆಟ, ಸೋಮವಾರ ರಜೆ. 2022ರಲ್ಲಿ ಎಸೆತಕ್ಕೆ ಗಡಿಯಾರ ಇಟ್ಟ ಮೇಲೆ ಪಂದ್ಯದ ಅವಧಿ ಸುಮಾರು 25 ನಿಮಿಷ ಇಳಿದು, ಎರಡೂವರೆ ಗಂಟೆಯ ಆಸುಪಾಸಿಗೆ ಬಂದಿದೆ. ಹಿರಿಯರಿಗೆ ಇದೂ ಅನುಕೂಲವೇ.

ಯಾವ ಚೀಲ ಒಯ್ಯಬಹುದು, ನೀರಿನ ಬಾಟಲಿ ಬಿಡುತ್ತಾರೆಯೇ, ನಗದು ನಡೆಯುತ್ತದೆಯೇ, ಮಳೆ ಬಂದರೆ ಟಿಕೆಟ್ ಬದಲಿಸಿ ಕೊಡುತ್ತಾರೆಯೇ ಎಂಬುದು ಪಾರ್ಕ್‌ನಿಂದ ಪಾರ್ಕ್‌ಗೆ ಬೇರೆ. ಫಾರ್ವರ್ಡ್ ನಂಬದೆ ಆ ತಂಡದ ಜಾಲತಾಣದಲ್ಲೇ ನೋಡಿ. ಗುಡುಗು ಕೇಳಿದರೆ ಬಯಲಿನ ಸೀಟು ಬಿಟ್ಟು ಕಟ್ಟಡದೊಳಗೆ ಹೋಗಿ, ಕೊನೆಯ ಗುಡುಗಿನ ನಂತರ 30 ನಿಮಿಷ ಕಾಯಿರಿ. ಪಟಾಕಿ ಇರುವ ರಾತ್ರಿ ಹಸುಗೂಸಿನ ಕಿವಿಗೆ ರಕ್ಷಣೆ ಬೇಕು. ಏಳನೇ ಇನಿಂಗ್ಸ್ ನಡುವೆ ಎಲ್ಲರೂ ಎದ್ದು ಹಾಡಿದರೆ ಗಾಬರಿ ಬೇಡ. ಅದು ಕೈಕಾಲು ಸಡಿಲಿಸಿಕೊಳ್ಳುವ ಹಳೆಯ ಪದ್ಧತಿ.

ಡರ್ಹಮ್‌ಗೆ ಹೋದರೆ ಎಡಬದಿಯ ಎತ್ತರದ ಗೋಡೆಯ ಮೇಲಿನ ಗೂಳಿಯನ್ನು ಮೊಮ್ಮಕ್ಕಳಿಗೆ ತೋರಿಸಿ. ಮನೆ ತಂಡದವರು ಹೋಮ್ ರನ್ ಹೊಡೆದಾಗ ಅದರ ಕಣ್ಣು ಕೆಂಪಾಗಿ, ಮೂಗಿನಿಂದ ಹೊಗೆ ಬರುತ್ತದೆ. ಆಗಲೂ ಚೆಂಡು ಬಿದ್ದ ಮೇಲೆ ಫೋಟೊ ತೆಗೆಯಿರಿ.

ಒಟ್ಟು ಸಾರ: ಬಲೆಯ ಹಿಂದಿನ, ನೆರಳಿನ ಸೀಟು, ಚೆಂಡು ಆಟದಲ್ಲಿದ್ದಾಗ ಫೋನ್ ಕೆಳಗೆ, ಮಾತ್ರೆ ಪಟ್ಟಿ, ವಿಮೆ ಕಾರ್ಡ್ ಜೊತೆಗೆ. ಈ ಬೇಸಿಗೆಯಲ್ಲಿ ಅಮೆರಿಕಕ್ಕೆ ಹೊರಟವರು ನಿಮ್ಮ ಬಳಗದಲ್ಲಿದ್ದರೆ, ಅವರಿಗೆ ಇದನ್ನು ಕಳುಹಿಸಿ.