ಚುಕ್ಕಿಗಳ ಲೆಕ್ಕ

ನಮ್ಮಮ್ಮನ ಬಾಲ್ಯದ ಫೋಟೋ ಇದ್ದದ್ದು ಒಂದೇ ಒಂದು. 1959ರಲ್ಲಿ ಶಾಲೆಯ ಮುಂದೆ ತೆಗೆದ ಗುಂಪುಚಿತ್ರ. ನಲವತ್ತು ಮಕ್ಕಳ ನಡುವೆ, ಎರಡನೆಯ ಸಾಲಿನಲ್ಲಿ, ಎರಡು ಜಡೆಯ, ಮೂಗುಬೊಟ್ಟಿನ ಹುಡುಗಿ. ಅಮ್ಮ ತೀರಿಕೊಂಡ ಮರುವರ್ಷ, 2000ದಲ್ಲಿ, ಅದನ್ನು ಪೇಟೆಯ ಅಂಗಡಿಯೊಂದರಲ್ಲಿ ಸ್ಕ್ಯಾನ್ ಮಾಡಿಸಿ ಫ್ಲಾಪಿಯಲ್ಲಿ ತಂದಿಟ್ಟುಕೊಂಡೆ. ಮುಂದೊಂದು ಮಳೆಗಾಲದಲ್ಲಿ ಗೋಡೆಯ ಮೇಲಿದ್ದ ಮೂಲಚಿತ್ರವನ್ನು ಗೆದ್ದಲು ತಿಂದುಹಾಕಿತು. ಕಂಪ್ಯೂಟರಿನಲ್ಲಿ ಇದೆಯಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಕಳೆದ ವರ್ಷ ಮಗಳು, ಅಜ್ಜಿಯ ಮುಖವನ್ನಷ್ಟೇ ದೊಡ್ಡದು ಮಾಡಿ ಕಟ್ಟು ಹಾಕಿಸೋಣ ಎಂದಳು. ಹಿಗ್ಗಿಸುತ್ತಾ ಹೋದಂತೆ ಮುಖ ಮಾಯವಾಗಿ ಬರೀ ಚೌಕಗಳು ಉಳಿದವು. ಮೂಗುಬೊಟ್ಟು ಇರಬೇಕಾದ ಕಡೆ ಒಂದು ಬೂದುಬಣ್ಣದ ಚೌಕ!

ತಪ್ಪು ಯಾರದು? ಅಂಗಡಿಯ ಹುಡುಗ ಅಂದೇ ಕೇಳಿದ್ದ: "ದೊಡ್ಡದಾಗಿ ತೆಗೀಲಾ ಮೇಡಂ? ಆದ್ರೆ ಫ್ಲಾಪಿಗೆ ಹಿಡಿಸಲ್ಲ." ಹಿಡಿಸುವಷ್ಟೇ ತೆಗಿ ಎಂದವಳು ನಾನೇ.

ಇದರ ಲೆಕ್ಕ ರಂಗೋಲಿ ಹಾಕುವವರಿಗೆ ಬೇಗ ಅರ್ಥವಾಗುತ್ತದೆ. ನಾಲ್ಕು ಸಾಲು, ಸಾಲಿಗೆ ನಾಲ್ಕು ಚುಕ್ಕಿ ಇಟ್ಟರೆ ಹದಿನಾರು. ಎಂಟಕ್ಕೆ ಎಂಟು ಇಟ್ಟರೆ ಅರವತ್ತನಾಲ್ಕು. ಬದಿ ಇಮ್ಮಡಿಯಾದರೆ ಚುಕ್ಕಿ ನಾಲ್ಮಡಿ. ಕಂಪ್ಯೂಟರಿನ ಚಿತ್ರವೂ ಹಾಗೆಯೇ. ಅಮ್ಮನ ಚಿತ್ರದಲ್ಲಿ ಅಡ್ಡಕ್ಕೆ 640, ಉದ್ದಕ್ಕೆ 480, ಒಟ್ಟು 3,07,200 ಚುಕ್ಕಿ. ಚುಕ್ಕಿಯೊಂದಕ್ಕೆ ಮೂರು ಬೈಟಿನಂತೆ 9,21,600 ಬೈಟು. ಫ್ಲಾಪಿಯಲ್ಲಿ ಇದ್ದ ಜಾಗ ಹದಿನಾಲ್ಕು ಲಕ್ಷ ಚಿಲ್ಲರೆ. ಬದಿಗಳನ್ನು ಇಮ್ಮಡಿ ಮಾಡಿದ್ದರೆ 36,86,400 ಆಗಿ ಹೊರಗುಳಿಯುತ್ತಿತ್ತು. ನಲವತ್ತು ಮಕ್ಕಳಲ್ಲಿ ಹಂಚಿಹೋಗಿ ಅಮ್ಮನ ಮುಖದ ಪಾಲಿಗೆ ಬಂದದ್ದು ಅಡ್ಡಕ್ಕೆ ಇಪ್ಪತ್ತು ಚುಕ್ಕಿ.

ಜಾಗದ ಈ ಜಗಳ ಮೊದಲ ಚಿತ್ರದಿಂದಲೇ ಇದೆ. 1957ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯಲ್ಲಿದ್ದ ರಸೆಲ್ ಕಿರ್ಶ್ ತನ್ನ ಮೂರು ತಿಂಗಳ ಮಗನ ಫೋಟೋವನ್ನು ಕಂಪ್ಯೂಟರಿಗೆ ಉಣಿಸಿದ. ಬದಿಗೆ 176ರಂತೆ 30,976 ಚುಕ್ಕಿ; ಒಂದೊಂದೂ ಕಪ್ಪು, ಇಲ್ಲವೇ ಬಿಳುಪು. ಅದಕ್ಕಿಂತ ದೊಡ್ಡ ಚಿತ್ರ ಆ ಯಂತ್ರದ ನೆನಪಿಗೆ ಹಿಡಿಸುತ್ತಿರಲಿಲ್ಲ. 1965ರಲ್ಲಿ ಮ್ಯಾರಿನರ್-4 ನೌಕೆ ಮಂಗಳನ ಬಳಿಯಿಂದ ಕಳಿಸಿದ ಚಿತ್ರಗಳು ಬದಿಗೆ ಇನ್ನೂರು ಚುಕ್ಕಿಯವು. ಅಷ್ಟಕ್ಕೇ ಒಂದೊಂದು ಚಿತ್ರ ಭೂಮಿಗೆ ಬಂದು ಮುಟ್ಟಲು ಎಂಟು ಗಂಟೆಗಳಷ್ಟು ಹಿಡಿಯಿತು.

ಚುಕ್ಕಿ ಕಡಿಮೆ ಮಾಡದೆ ಜಾಗ ಉಳಿಸುವ ದಾರಿಯನ್ನು ತೋರಿದವರಲ್ಲಿ ಮುಖ್ಯರಾದವರು ನಮ್ಮ ಬೆಂಗಳೂರಿನಲ್ಲೇ 1940ರಲ್ಲಿ ಹುಟ್ಟಿ, ಇಲ್ಲಿಯೇ ಇಂಜಿನಿಯರಿಂಗ್ ಓದಿ ಅಮೆರಿಕಕ್ಕೆ ಹೋದ ನಾಸಿರ್ ಅಹಮದ್. 1972ರಲ್ಲಿ ಅವರು ಈ ಕೆಲಸಕ್ಕೆ ಹಣ ಕೇಳಿದಾಗ ಅಲ್ಲಿನ ಸರಕಾರಿ ವಿಜ್ಞಾನ ಪ್ರತಿಷ್ಠಾನ ಕೊಡಲಿಲ್ಲ. ಆದರೂ ಬಿಡದೆ, ನಟರಾಜನ್ ಮತ್ತು ಕೆ. ಆರ್. ರಾವ್ ಅವರೊಡನೆ 1974ರಲ್ಲಿ ಪ್ರಬಂಧ ಪ್ರಕಟಿಸಿದರು. 1992ರ ಜೆಪೆಗ್ ಮಾನಕಕ್ಕೆ ಆಧಾರವಾದದ್ದು ಆ ಗಣಿತವೇ. ಚಿತ್ರವನ್ನು ಎಂಟಕ್ಕೆ ಎಂಟರ ಚುಕ್ಕಿಗಳ ತುಂಡು ಮಾಡಿ, ಪ್ರತಿ ತುಂಡಿನಲ್ಲಿ ದಪ್ಪನೆಯ ಏರಿಳಿತವನ್ನು ಇಟ್ಟುಕೊಂಡು, ಕಣ್ಣು ಗಮನಿಸದ ಸೂಕ್ಷ್ಮವನ್ನು ಬಿಟ್ಟುಬಿಡುತ್ತದೆ. ಸಾಮಾನ್ಯ ಫೋಟೋ ಹತ್ತನೆಯ ಒಂದು ಪಾಲಿಗೆ ಇಳಿದರೂ ನೋಡುವವರಿಗೆ ವ್ಯತ್ಯಾಸ ಅಷ್ಟಾಗಿ ಕಾಣದು. ಬಿಟ್ಟದ್ದು ಮಾತ್ರ ಮತ್ತೆ ಸಿಕ್ಕುವುದಿಲ್ಲ.

ಇದನ್ನು ತಿಳಿದ ದಿನ ಮನಸ್ಸು ಚುರುಕ್ ಎಂದಿತು. ನಾನು ಅಂಗಡಿಯಲ್ಲಿ ನಿಂತಿದ್ದಾಗ ಜೆಪೆಗ್ ಬಂದು ಎಂಟು ವರ್ಷವಾಗಿತ್ತು. ಹಾಗೆ ಒತ್ತಿ ಇಟ್ಟಿದ್ದರೆ ಇಮ್ಮಡಿ ಅಳತೆಯ ಚಿತ್ರವೂ ಅದೇ ಫ್ಲಾಪಿಯಲ್ಲಿ ಹಿಡಿಸುತ್ತಿತ್ತು. ಹುಡುಗನಿಗೂ ತಿಳಿಯಲಿಲ್ಲ, ಬಿ.ಎ., ಬಿ.ಎಡ್. ಮಾಡಿದ ಮೇಡಂಗೂ ತಿಳಿಯಲಿಲ್ಲ.

ಈಗ ನಮ್ಮ ಶಾಲೆಯ ಹಳೆಯ ಗುಂಪುಚಿತ್ರಗಳನ್ನು ಮಕ್ಕಳ ಕೈಯಲ್ಲಿ ಸ್ಕ್ಯಾನ್ ಮಾಡಿಸುತ್ತಿದ್ದೇನೆ. ಇಂಚಿಗೆ ಆರುನೂರು ಚುಕ್ಕಿ, ಒತ್ತದೆ ಒಂದು ಪ್ರತಿ, ಹಂಚಲು ಒತ್ತಿದ ಇನ್ನೊಂದು ಪ್ರತಿ. ಮೂಲಚಿತ್ರ ಗೋಡೆಗಲ್ಲ, ಗೆದ್ದಲು ಹತ್ತದ ಕಬ್ಬಿಣದ ಬೀರುವಿಗೆ. ದೊಡ್ಡದನ್ನು ಯಾವಾಗ ಬೇಕಾದರೂ ಚಿಕ್ಕದು ಮಾಡಬಹುದು. ಚಿಕ್ಕದರಿಂದ ದೊಡ್ಡದು ಹುಟ್ಟುವುದಿಲ್ಲ. ನಿಮ್ಮ ಮನೆಯ ಗೋಡೆಯ ಮೇಲೂ ಅಂಥ ಚಿತ್ರವೊಂದಿದ್ದರೆ ಈ ರಜೆಯಲ್ಲಿ ಇಳಿಸಿ ನೋಡಿ.

ಅಮ್ಮನ ಚಿತ್ರವನ್ನು ಕೊನೆಗೆ ಅಂಗೈಯಗಲಕ್ಕೇ ಅಚ್ಚು ಹಾಕಿಸಿದೆವು. ಎರಡನೆಯ ಸಾಲಿನಲ್ಲಿ ಅವಳು ಗುರುತು ಸಿಗುತ್ತಾಳೆ. ಮೂಗುಬೊಟ್ಟು ಇತ್ತೆಂಬುದನ್ನು ನಾನೇ ಬಾಯಲ್ಲಿ ಹೇಳಬೇಕು.